ಪುಸ್ತಕಗಳ ರಾಶಿ ಪಠ್ಯಕ್ರಮವಲ್ಲ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತೇವೆ ಎಂಬ ಮಾತು ಈಗ ನಮ್ಮ ಸಮುದಾಯದಲ್ಲಿ ಅಪರೂಪವಲ್ಲ. 2020ರ ಮಾರ್ಚ್‌ನಲ್ಲಿ ಶಾಲೆಗಳು ಬಾಗಿಲು ಮುಚ್ಚಿದಾಗ ಅನೇಕ ತಾಯಂದಿರು ಅನಿವಾರ್ಯವಾಗಿ ಗುರುಗಳಾದರು. 2022ರಲ್ಲಿ ಹಿಜಾಬ್ ವಿವಾದ ಎದ್ದಾಗ ಅನೇಕ ತಂದೆಯರು, ವಿಶೇಷವಾಗಿ ಹೆಣ್ಣುಮಕ್ಕಳ ತಂದೆಯರು, ಮನೆಯೇ ಸುರಕ್ಷಿತವೆಂಬ ತೀರ್ಮಾನಕ್ಕೆ ಬಂದರು. ಶಕ್ತಿನಗರ, ರಾಯಚೂರು, ಮಾನ್ವಿ, ದೇವದುರ್ಗಗಳ ಮಸೀದಿಯಂಗಳದಲ್ಲಿ ಜುಮುಅದ ನಮಾಝಿನ ನಂತರ ಈ ಪ್ರಶ್ನೆ ಕೇಳಿಬರುತ್ತದೆ: "ಹಝ್ರತ್, ಮೂವರು ಮಕ್ಕಳಿದ್ದಾರೆ, ಯಾವ ಯಾವ ಪುಸ್ತಕ ತರಿಸಬೇಕು?"

ಪ್ರಶ್ನೆಯಲ್ಲಿಯೇ ರೋಗವಿದೆ. ಯಾರನ್ನು, ಯಾತಕ್ಕಾಗಿ, ಯಾವ ಕ್ರಮದಲ್ಲಿ ಕಲಿಸಬೇಕು ಎಂದು ಯಾರೂ ಕೇಳುವುದಿಲ್ಲ. ಏನನ್ನು ಕೊಳ್ಳಬೇಕು ಎಂದಷ್ಟೇ ಕೇಳುತ್ತಾರೆ. ಮನೆಯಲ್ಲಿ ಕಲಿಸುವುದು ತಪ್ಪೆಂದು ನಾನು ವಾದಿಸುತ್ತಿಲ್ಲ. ಇಸ್ಲಾಮಿನ ಇತಿಹಾಸದಲ್ಲಿ ಮನೆಯೂ ಮಸೀದಿಯೂ ಶಾಲೆಗಳಾಗಿದ್ದವು. ಆದರೆ ಈಗ ನಮ್ಮ ಅನೇಕ ಮನೆಗಳಲ್ಲಿ ನಡೆಯುತ್ತಿರುವುದು ಶಿಕ್ಷಣವಲ್ಲ, ಪುಸ್ತಕ ಸಂಗ್ರಹ. ಇದನ್ನು ಸ್ಪಷ್ಟವಾಗಿ ಹೇಳುವುದು ಕಲಿಸುವ ವೃತ್ತಿಯಲ್ಲಿರುವವರ ಹೊಣೆ.

ಹದಿನೆಂಟು ಪಾಠಗಳ ಮನೆ

ಎಂಟು, ಆರು, ನಾಲ್ಕು ವರ್ಷಗಳ ಮೂವರು ಮಕ್ಕಳಿರುವ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಕಪಾಟಿನಲ್ಲಿ ನೂರಾನಿ ಕಾಯಿದಾ ಇದೆ. ಪಕ್ಕದಲ್ಲಿ ಉರ್ದು ಪ್ರವೇಶಿಕೆ. ಅದರ ಮೇಲೆ ಇಂಗ್ಲಿಷ್ ಧ್ವನಿಪಾಠದ ಪುಸ್ತಕ, ಹೊರದೇಶದಿಂದ ತರಿಸಿದ ಬಣ್ಣಬಣ್ಣದ ಇಸ್ಲಾಮಿ ಅಧ್ಯಯನ ಮಾಲೆ, ಯಾವುದೋ ಖಾಸಗಿ ಪ್ರಕಾಶನದ ಗಣಿತ, ಮತ್ತೆ ರಾಜ್ಯದ ಪಠ್ಯಪುಸ್ತಕಗಳು. ಮೊಬೈಲಿನಲ್ಲಿ ಎರಡು ಆ್ಯಪ್. ಮೂವರು ಮಕ್ಕಳಿಗೆ ತಲಾ ಆರು ವಿಷಯವೆಂದರೆ ದಿನಕ್ಕೆ ಹದಿನೆಂಟು ಪಾಠ. ಒಂದೊಂದಕ್ಕೆ 20 ನಿಮಿಷವಾದರೂ ಒಟ್ಟು ಆರು ಗಂಟೆ. ಅಡುಗೆ, ಬಟ್ಟೆ, ನೀರು, ಅತ್ತೆಯ ಔಷಧಿ, ಕೈಗೂಸು ಇವೆಲ್ಲ ಇರುವ ತಾಯಿ ಇದನ್ನು ಎಷ್ಟು ದಿನ ನಡೆಸಿಯಾಳು? ಮೊದಲ ವಾರ ಉತ್ಸಾಹ, ಎರಡನೆಯ ವಾರ ಸಿಟ್ಟು, ಮೂರನೆಯ ವಾರ ಬೆನ್ನ ಮೇಲೆ ಏಟು. ಆಮೇಲೆ ಪುಸ್ತಕಗಳ ಮೇಲೆ ಧೂಳು, ಮಕ್ಕಳ ಕೈಯಲ್ಲಿ ಮೊಬೈಲು. ತಂದೆಯಂತೂ ಹೇಳುತ್ತಾನೆ: "ಇಷ್ಟೆಲ್ಲ ತಂದುಕೊಟ್ಟೆ, ನಿನ್ನಿಂದ ಕಲಿಸಲಾಗಲಿಲ್ಲ."

ಈ ಅನ್ಯಾಯದ ಮಾತನ್ನು ಮೊದಲು ನಿಲ್ಲಿಸಬೇಕು. ಸೋತದ್ದು ತಾಯಿಯಲ್ಲ, ಆಯ್ಕೆ.

ಹಿರಿಯರು ಏನು ಮಾಡಿದರು?

ಪುಸ್ತಕಗಳು ಹೆಚ್ಚಿದಷ್ಟೂ ವಿದ್ಯೆ ಹೆಚ್ಚುತ್ತದೆ ಎಂಬುದು ನಮ್ಮ ಪರಂಪರೆಯ ನಂಬಿಕೆಯಲ್ಲ. 1377ರಲ್ಲಿ ತನ್ನ 'ಮುಕದ್ದಿಮಾ'ವನ್ನು ಬರೆದ ಇಬ್ನ್ ಖಲ್ದೂನ್, ಗ್ರಂಥಗಳ ವಿಪುಲತೆಯೇ ವಿದ್ಯಾರ್ಜನೆಗೆ ತಡೆಯಾಗುತ್ತದೆ ಎಂಬುದನ್ನು ವಿವರಿಸಲು ಒಂದು ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟರು. ಕಲಿಕೆ ಹಂತ ಹಂತವಾಗಿ ಸಾಗಬೇಕು, ಒಂದೇ ವಿಷಯಕ್ಕೆ ಮತ್ತೆ ಮತ್ತೆ ಮರಳಬೇಕು, ಎರಡು ವಿದ್ಯೆಗಳನ್ನು ಕಲಸಿ ಎಳೆಯ ಮನಸ್ಸಿನ ಮೇಲೆ ಹೇರಬಾರದು, ಮಕ್ಕಳೊಂದಿಗಿನ ಕಠೋರತೆ ಅವರನ್ನು ಕೆಡಿಸುತ್ತದೆ ಎಂದೂ ಅವರು ವಾದಿಸಿದರು. ಆರು ಶತಮಾನಗಳ ಹಿಂದಿನ ಆ ಮಾತು ಇಂದಿನ ನಮ್ಮ ಕಪಾಟನ್ನು ನೋಡಿಯೇ ಬರೆದಂತಿದೆ.

ಅದೇ ಗ್ರಂಥದಲ್ಲಿ ಅವರು ಮುಸ್ಲಿಮ್ ನಾಡುಗಳ ಬಾಲಶಿಕ್ಷಣ ಪದ್ಧತಿಗಳನ್ನು ಹೋಲಿಸುತ್ತಾರೆ. ಮಗ್ರಿಬಿನಲ್ಲಿ ಮಕ್ಕಳಿಗೆ ಕುರ್‌ಆನ್ ಮಾತ್ರ. ಅಂದಲೂಸಿನಲ್ಲಿ ಕುರ್‌ಆನಿನೊಂದಿಗೆ ಕಾವ್ಯ, ಭಾಷಾ ನಿಯಮ, ಸುಂದರ ಬರವಣಿಗೆ. ಭಾಷೆಯ ಮೇಲಿನ ಹಿಡಿತದಲ್ಲಿ ಮಗ್ರಿಬಿನವರು ಹಿಂದುಳಿದರು, ಅಂದಲೂಸಿನವರು ಮುಂದೆ ಬಂದರು ಎಂಬುದು ಅವರ ಕಾಣ್ಕೆ. ಭಾಷೆ ಮತ್ತು ಲೆಕ್ಕವನ್ನು ಮೊದಲು ಕಲಿಸಿ ಅನಂತರ ಕುರ್‌ಆನ್ ಅಧ್ಯಯನಕ್ಕೆ ತರಬೇಕೆಂಬ ಕಾಝಿ ಅಬೂಬಕರ್ ಇಬ್ನುಲ್ ಅರಬಿಯವರ ಅಭಿಪ್ರಾಯವನ್ನೂ ಅವರು ಉಲ್ಲೇಖಿಸಿ, ಅದು ಒಳ್ಳೆಯ ವಿಧಾನವೆಂದು ಮೆಚ್ಚುತ್ತಾರೆ. ಆದರೆ ದೊಡ್ಡವನಾದ ಮೇಲೆ ಹುಡುಗ ಕೈತಪ್ಪಿ ಹೋದಾನೆಂಬ ಭಯದಿಂದ ಜನರ ರೂಢಿ ಕುರ್‌ಆನನ್ನು ಮೊದಲಿಡುತ್ತದೆ ಎಂದೂ ಸೇರಿಸುತ್ತಾರೆ. ನಾವು ಯಾವ ಕಡೆ ವಾಲಿದರೂ ಸರಿಯೆ, ಒಂದು ಮಾತು ಸ್ಪಷ್ಟ: ಯಾವುದು ಮೊದಲು, ಯಾವುದು ಅನಂತರ ಎಂಬ ವಿಚಾರಣೆ ಉಲಮಾಗಳ ಕೆಲಸವಾಗಿತ್ತು. ಎಲ್ಲವನ್ನೂ ಒಟ್ಟಿಗೆ ಸುರಿಯುವುದು ಯಾರ ಮಾರ್ಗವೂ ಆಗಿರಲಿಲ್ಲ.

ನಮ್ಮ ದೇಶದ ಮದ್ರಸಗಳ ಬೆನ್ನೆಲುಬಾದ ದರ್ಸೆ ನಿಝಾಮಿಯನ್ನೇ ನೋಡಿ. ಲಖ್ನೋದ ಫಿರಂಗಿ ಮಹಲಿನ ಮುಲ್ಲಾ ನಿಝಾಮುದ್ದೀನ್ (ನಿಧನ 1748) ರೂಪಿಸಿದ ಆ ಕ್ರಮದ ಗುಟ್ಟು ಒಂದೊಂದು ವಿಷಯಕ್ಕೆ ಆಯ್ದ ಕೆಲವೇ ಗ್ರಂಥಗಳನ್ನಿಟ್ಟು ಅವನ್ನು ಆಳವಾಗಿ ಓದಿಸುವುದರಲ್ಲಿತ್ತು. ಅದರಲ್ಲಿ ತರ್ಕವಿತ್ತು, ಗಣಿತವಿತ್ತು, ಯೂಕ್ಲಿಡ್‌ನ ರೇಖಾಗಣಿತವೂ ಇತ್ತು. ದೀನೀ ಶಿಕ್ಷಣದ ಹೆಸರಿನಲ್ಲಿ ಲೆಕ್ಕವನ್ನು ಬದಿಗಿಡುವವರು ಇದನ್ನು ನೆನಪಿಡಬೇಕು.

ಪುಸ್ತಕ ಪುಸ್ತಕಗಳ ಜಗಳ

ಎರಡು ಒಳ್ಳೆಯ ಪುಸ್ತಕಗಳನ್ನು ಒಟ್ಟಿಗಿಟ್ಟರೆ ಇಮ್ಮಡಿ ಒಳ್ಳೆಯದಾಗುತ್ತದೆ ಎಂಬುದು ಭ್ರಮೆ. ಅಂಗಡಿಯಲ್ಲಿ ಸಿಗುವ ಕನ್ನಡ ವರ್ಣಮಾಲೆಯ ಪುಸ್ತಕ 'ಅ ಆ ಇ ಈ'ಯಿಂದ ತೊಡಗುತ್ತದೆ. ಸರ್ಕಾರಿ ಶಾಲೆಯ ನಲಿ-ಕಲಿ ಕಾರ್ಡುಗಳು 'ರ ಗ ಸ ದ ಅ' ಎಂದು ತೊಡಗಿ 'ಜ ವ ಮ ಬ ನ' ಎಂದು ಮುಂದುವರಿಯುತ್ತವೆ. ಎರಡನೆಯ ಕ್ರಮಕ್ಕೊಂದು ಉದ್ದೇಶವಿದೆ. ಐದೇ ಅಕ್ಷರ ಕಲಿತ ಮಗು ಸರ, ದರ, ಅರಸ, ಗರಗಸ ಎಂದು ಅರ್ಥವಿರುವ ಪದಗಳನ್ನು ಓದಿಬಿಡುತ್ತದೆ. ಮೊದಲನೆಯ ಕ್ರಮವೂ ತಪ್ಪಲ್ಲ. ಅದು ಉಚ್ಚಾರಣೆಯ ಶಾಸ್ತ್ರವನ್ನು ಅನುಸರಿಸುತ್ತದೆ. ಆದರೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಹಿಡಿದರೆ ಮಗುವಿಗೆ ಎರಡರ ಲಾಭವೂ ಸಿಗುವುದಿಲ್ಲ.

ಕಾಯಿದಾ ಮತ್ತು ಉರ್ದು ಪ್ರವೇಶಿಕೆಯ ನಡುವೆಯೂ ಹೀಗೆಯೇ. ಒಂದೇ ಅಕ್ಷರವನ್ನು ಕಾಯಿದಾದ ಉಸ್ತಾದರು 'ಬಾ' ಎನ್ನುತ್ತಾರೆ, ಉರ್ದು ಪುಸ್ತಕ 'ಬೇ' ಎನ್ನುತ್ತದೆ. ಒಂದು 'ತಾ', ಇನ್ನೊಂದು 'ತೇ'. ಅರಬಿಯಲ್ಲಿ ಸೀನ್, ಸಾದ್, ಸಾಗಳ ಧ್ವನಿ ಬೇರೆ ಬೇರೆ. ನಮ್ಮ ದಖ್ಖನಿ ಉರ್ದುವಿನಲ್ಲಿ ಮೂರೂ ಒಂದೇ. ಅರಬಿ ನಾಲಿಗೆಗೆ ನೆಲೆಯಾಗುವ ಮುನ್ನ ಎರಡನ್ನೂ ಜೊತೆಯಾಗಿ ಹಿಡಿದ ಮಗುವಿನ ತಿಲಾವತಿನಲ್ಲಿ ದೋಷ ಉಳಿದುಬಿಡುತ್ತದೆ. ಇದರ ಮೇಲೆ ಎಡದಿಂದ ಬಲಕ್ಕೆ ಸಾಗುವ ಕನ್ನಡ ಮತ್ತು ಇಂಗ್ಲಿಷ್. ಐದು ವರ್ಷದ ಕೂಸಿಗೆ ಒಂದೇ ವರ್ಷದಲ್ಲಿ ನಾಲ್ಕು ಬರವಣಿಗೆಗಳನ್ನು ಹೇರುವುದು ಶಿಕ್ಷಣವಲ್ಲ, ಶಿಕ್ಷೆ. ಒಂದು ಸಮಯಕ್ಕೆ ಒಂದೇ ಹೊಸ ಲಿಪಿ. ಅದು ಕೈಹಿಡಿದ ಮೇಲೆ ಮುಂದಿನದು. ಕಾಯಿದಾ ಮೊದಲೋ ಕನ್ನಡ ಮೊದಲೋ ಎಂಬುದನ್ನು ಮನೆಯವರು ನಿರ್ಧರಿಸಲಿ. ಸೂರಃಗಳ ಬಾಯಿಪಾಠ, ಮಾತಿನ ಇಂಗ್ಲಿಷ್, ಕತೆಯ ಉರ್ದು ಇವಕ್ಕೆ ಲಿಪಿ ಬೇಕಿಲ್ಲ. ಅವು ಕಿವಿಯಿಂದಲೇ ಬರಲಿ.

ಲೆಕ್ಕದ ವಿಷಯವನ್ನೂ ಹೇಳಬೇಕು. ಉರ್ದುವಿನಲ್ಲಿ ನೂರರವರೆಗಿನ ಎಣಿಕೆಯನ್ನು ಹೆಚ್ಚುಕಡಿಮೆ ಬಾಯಿಪಾಠವೇ ಮಾಡಬೇಕು. 'ತೇಈಸ್' ಎಂಬಲ್ಲಿ ಬೀಸ್ ಎಲ್ಲಿದೆ, ತೀನ್ ಎಲ್ಲಿದೆ ಎಂದು ಮಗುವಿಗೆ ಕಾಣದು. ಕನ್ನಡದ 'ಇಪ್ಪತ್ತಮೂರು' ತನ್ನ ಲೆಕ್ಕವನ್ನು ತಾನೇ ಹೇಳುತ್ತದೆ. 'ಉನ್‌ತಾಲೀಸ್' ಎಂದಾಗ ಮೂವತ್ತರ ಮೇಲೋ ನಲವತ್ತರ ಮೇಲೋ ಎಂದು ದೊಡ್ಡವರೂ ಕ್ಷಣ ತಡವರಿಸುತ್ತಾರೆ; 'ಮೂವತ್ತೊಂಬತ್ತು' ಎಂದರೆ ಗೊಂದಲವಿಲ್ಲ. ಆದ್ದರಿಂದ ಮನೆಮಾತು ಉರ್ದುವಾಗಿದ್ದರೂ ಎಣಿಕೆಯನ್ನು ಕನ್ನಡದಲ್ಲಿ ಕಲಿಸಿ. ಇದರಲ್ಲಿ ಭಾಷಾಭಿಮಾನದ ಮಾತಿಲ್ಲ, ಮಗುವಿನ ಅನುಕೂಲದ ಮಾತಿದೆ.

ಹಲವು ವಯಸ್ಸು, ಒಂದೇ ಚಾಪೆ

ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಬ್ಬರೇ ಗುರು ಕಲಿಸುವ ಸಮಸ್ಯೆಗೆ ಉತ್ತರ ಹುಡುಕಲು ಹೊರದೇಶದ ಕಡೆ ನೋಡಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಿತವಾಗಿ ಆರಂಭವಾದ ನಲಿ-ಕಲಿ ಈ ಪ್ರಶ್ನೆಯನ್ನೇ ಎದುರಿಸಿತು. ಒಂದೇ ಕೋಣೆಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು, ಒಬ್ಬರೇ ಶಿಕ್ಷಕರು. ಕಲಿಕಾ ಏಣಿಯ ಮೇಲೆ ಪ್ರತಿ ಮಗು ತನ್ನ ಮೆಟ್ಟಿಲಿನಲ್ಲಿರುತ್ತದೆ. ಒಂದು ಗುಂಪು ಶಿಕ್ಷಕರ ಮುಂದೆ, ಒಂದು ಗುಂಪು ಸಹಪಾಠಿಯ ನೆರವಿನಲ್ಲಿ, ಒಂದು ಗುಂಪು ತಾನೇ ತಾನಾಗಿ. ಒಂದು ವಾರ ಶಾಲೆ ತಪ್ಪಿಸಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಹಳೆಯ ಮಕ್ತಬಿನಲ್ಲಿ ಕುಳಿತವರಿಗೆ ಇದು ಹೊಸದಲ್ಲ. ಅಲ್ಲಿಯೂ ಒಬ್ಬ ಉಸ್ತಾದರ ಸುತ್ತ ಕಾಯಿದಾದವರು, ಅಮ್ಮದವರು, ಹಿಫ್ಝಿನವರು ಒಟ್ಟಿಗೆ ಕೂರುತ್ತಿದ್ದರು. ದೊಡ್ಡವನು ಚಿಕ್ಕವನ ಪಾಠ ಕೇಳುತ್ತಿದ್ದನು.

ಮನೆಗೂ ಇದೇ ನಿಯಮ ಸಾಕು. ಮೆಟ್ಟಿಲಿರುವ ವಿಷಯಗಳನ್ನು ಬೇರೆ ಬೇರೆಯಾಗಿ, ಮೆಟ್ಟಿಲಿಲ್ಲದವನ್ನು ಒಟ್ಟಿಗೆ ಕಲಿಸಬೇಕು. ಓದು-ಬರಹ, ಲೆಕ್ಕ, ಕುರ್‌ಆನಿನ ಸಬಕ್ ಈ ಮೂರಕ್ಕೂ ಮೆಟ್ಟಿಲಿದೆ. ಪ್ರತಿ ಮಗುವಿಗೂ ಅದರದೇ ಪಾಠ ಬೇಕು. ಪ್ರವಾದಿಗಳ ಚರಿತ್ರೆ, ನಡೆನುಡಿ, ದುಆಗಳು, ಪರಿಸರ, ಚಿತ್ರ, ಕತೆ ಇವಕ್ಕೆ ಒಂದೇ ಚಾಪೆ ಸಾಕು. ಒಂದೇ ಕತೆಯನ್ನು ಕೇಳಿ ಎಂಟರ ಹುಡುಗಿ ಬರೆಯಲಿ, ಆರರ ಹುಡುಗ ಹೇಳಲಿ, ನಾಲ್ಕರ ಕೂಸು ಚಿತ್ರ ಗೀಚಲಿ. ಮತ್ತೆ ಲೆಕ್ಕ ಹಾಕಿ: ಮೂವರಿಗೆ ಭಾಷೆ ಮತ್ತು ಗಣಿತ ತಲಾ 20 ನಿಮಿಷವೆಂದರೆ ಎರಡು ಗಂಟೆ; ಸಬಕ್ ತಲಾ 15 ನಿಮಿಷವೆಂದರೆ ಮುಕ್ಕಾಲು ಗಂಟೆ; ಒಟ್ಟಿಗೆ ಕೂರುವುದು ಒಂದು ಗಂಟೆ. ಆರು ಗಂಟೆಯ ಹೊರೆ ಮೂರೂಮುಕ್ಕಾಲಕ್ಕೆ ಇಳಿಯಿತು. ಸಬಕ್ ಕೇಳುವ ಹೊಣೆಯನ್ನು ಫಜ್ರಿನ ನಂತರ ತಂದೆ ಹೊತ್ತರೆ ತಾಯಿಗೆ ಉಳಿಯುವುದು ಮೂರೇ ಗಂಟೆ. ಹೊರುವನೇ? ಪುಸ್ತಕ ತಂದುಕೊಟ್ಟೆನೆಂದು ಹೇಳಿಕೊಳ್ಳುವ ತಂದೆಗೆ ನನ್ನ ಮೊದಲ ಪ್ರಶ್ನೆ ಇದು. ಕುಟುಂಬದ ಬಗ್ಗೆ ಪ್ರಶ್ನಿಸಲ್ಪಡುವವನು ಅವನೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಆ ಪ್ರಶ್ನೆಗೆ ಅಂಗಡಿಯ ರಸೀದಿ ಉತ್ತರವಾಗದು.

ಹೊಸ ಪುಸ್ತಕವೊಂದು ಮನೆಗೆ ಬರುವ ಮುನ್ನ ಮೂರು ಮಾತು ಕೇಳಿಕೊಳ್ಳಿ. ಕಲಿಸುವವರಿಗೆ ಇದು ಓದಿ ವಿವರಿಸಲು ಬರುತ್ತದೆಯೇ? ಈಗಾಗಲೇ ಹಿಡಿದ ಪುಸ್ತಕದ ಕ್ರಮವನ್ನು ಇದು ಕೆಡಿಸುವುದಿಲ್ಲವೇ? ದೊಡ್ಡ ಮಗುವಿನ ನಂತರ ಚಿಕ್ಕದಕ್ಕೂ ಇದು ಬಳಕೆಗೆ ಬರುತ್ತದೆಯೇ? ಮೂರಕ್ಕೂ ಹೌದೆಂಬ ಉತ್ತರವಿಲ್ಲದ ಪುಸ್ತಕ ಎಷ್ಟೇ ಚೆಂದವಿದ್ದರೂ ಅಂಗಡಿಯಲ್ಲೇ ಉಳಿಯಲಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಇವೆ. ಅಂತರ್ಜಾಲದಲ್ಲಿ ಉಚಿತವಾಗಿಯೂ ದೊರೆಯುತ್ತವೆ. ಗಣಿತಕ್ಕೂ ಭಾಷೆಗೂ ಅವನ್ನೇ ಬೆನ್ನೆಲುಬಾಗಿಟ್ಟುಕೊಂಡರೆ, ನಾಳೆ ಮಗು ಶಾಲೆಗೆ ಮರಳಬೇಕಾದಾಗ ಅದು ಅಪರಿಚಿತ ಊರಿಗೆ ಹೋದಂತಾಗುವುದಿಲ್ಲ.

ಹಿಮದ ನಾಡಿನ ಪುಸ್ತಕ, ಕೃಷ್ಣೆಯ ದಡದ ಮಗು

ದುಬಾರಿ ವಿದೇಶಿ ಮಾಲೆಗಳ ಸಮರ್ಥಕರು ಹೇಳುತ್ತಾರೆ: "ಅದರಲ್ಲಿ ಎಲ್ಲವೂ ಇಸ್ಲಾಮಿ, ಆಕ್ಷೇಪಾರ್ಹವಾದುದು ಏನೂ ಇಲ್ಲ." ಇರಬಹುದು. ಆದರೆ ಪರದೇಶದ ಮಕ್ಕಳಿಗಾಗಿ ಬರೆದ ಪುಸ್ತಕ ಹಿಮ ಬೀಳುವ ಬೀದಿಯನ್ನು ತೋರಿಸಿ ಅಲ್ಲಾಹನ ಕುದ್‌ರತನ್ನು ವಿವರಿಸುತ್ತದೆ. ನಮ್ಮ ಮಗು ಕಣ್ಣೆತ್ತಿದರೆ ಕಾಣುವುದು ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ. 1985ರಿಂದ ವಿದ್ಯುತ್ ನೀಡುತ್ತಿರುವ, ಎಂಟು ಘಟಕಗಳ 1720 ಮೆಗಾವ್ಯಾಟ್ ಸಾಮರ್ಥ್ಯದ ಆ ಸ್ಥಾವರವೇ ಒಂದು ವಿಜ್ಞಾನದ ಪಾಠ. ಕಲ್ಲಿದ್ದಲು ಉರಿಯುವುದು, ಕೃಷ್ಣೆಯ ನೀರು ಹಬೆಯಾಗುವುದು, ಹಬೆ ಚಕ್ರ ತಿರುಗಿಸುವುದು, ದೀಪ ಬೆಳಗುವುದು, ಹಾರುಬೂದಿ ಉಳಿಯುವುದು. ಪ್ರಕೃತಿಯ ಕಡೆ ಕಣ್ಣು ಹಾಯಿಸಿ ಚಿಂತಿಸಲು ಕುರ್‌ಆನ್ ಪದೇ ಪದೇ ಹೇಳುವಾಗ, ಆ ಕಣ್ಣು ಕಾಗದದ ಹಿಮದ ಮೇಲೇ ನೆಡಬೇಕೇ?

ಇತಿಹಾಸವೂ ಹೀಗೆಯೇ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿದ, 1915ರಲ್ಲಿ ಬೆಳಕಿಗೆ ಬಂದ ಶಾಸನ ನಮ್ಮ ಮಸ್ಕಿಯಲ್ಲಿದೆ. ಬಹಮನಿ ಕಾಲದ ಏಕ ಮಿನಾರ್ ಮಸೀದಿ ರಾಯಚೂರಿನಲ್ಲಿದೆ. ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲಿ. ಗಣಿತಕ್ಕೆ ದೀನ್ ಬೇಕೆಂದರೆ ಝಕಾತ್ ಇದೆ: ನಲವತ್ತರಲ್ಲೊಂದು ಪಾಲು, ಎಂದರೆ ಶೇ. 2.5. ಅರ್ಧ, ಕಾಲು, ಎಂಟನೆಯ ಒಂದು, ಮೂರನೆಯ ಎರಡು ಎಂಬ ವಾರಸು ಹಂಚಿಕೆಗಳಿವೆ. ಭಿನ್ನರಾಶಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಯಾವ ಮಾಲೆಯಲ್ಲಿದೆ? ದೀನನ್ನೂ ದುನಿಯಾವನ್ನೂ ಬೆಸೆಯಲು ಹೊಸ ಪುಸ್ತಕ ಬೇಕಿಲ್ಲ. ಎರಡನ್ನೂ ಬಲ್ಲ ಗುರು ಬೇಕು.

ಕನ್ನಡ ಆಮೇಲೆ ಎನ್ನುವವರಿಗೆ

ನನ್ನ ದೊಡ್ಡ ತಕರಾರು ಇಲ್ಲಿದೆ. ಮನೆಶಾಲೆಯ ಪಟ್ಟಿಗಳಲ್ಲಿ ಅರಬಿ, ಉರ್ದು, ಇಂಗ್ಲಿಷ್ ಇರುತ್ತವೆ. ಕನ್ನಡ ಕೊನೆಯಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. "ಬೀದಿಯಲ್ಲಿ ಬರುತ್ತದೆ ಬಿಡಿ" ಎನ್ನುತ್ತಾರೆ. ಬೀದಿಯಲ್ಲಿ ಬರುವುದು ಮಾತು. ಅರ್ಜಿ ಬರೆಯುವ, ಪಹಣಿ ಓದುವ, ನ್ಯಾಯ ಕೇಳುವ ಭಾಷೆ ಬೀದಿಯಲ್ಲಿ ಬರುವುದಿಲ್ಲ. ಪ್ರತಿಯೊಬ್ಬ ರಸೂಲರನ್ನೂ ಅವರ ಜನರ ಭಾಷೆಯಲ್ಲೇ ಕಳಿಸಲಾಯಿತೆಂದು ಸೂರಃ ಇಬ್ರಾಹೀಮ್ ತಿಳಿಸುತ್ತದೆ. ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಬರಹವನ್ನು ಕಲಿಯಲು ಪ್ರವಾದಿ(ಸ)ಯವರೇ ಆದೇಶಿಸಿದರು. ಅವರು ಅರ್ಧ ತಿಂಗಳಲ್ಲಿ ಕಲಿತರು. ಬದ್ರ್‌ನ ಕೈದಿಗಳಲ್ಲಿ ಬರಹ ಬಲ್ಲವರಿಗೆ, ಹತ್ತು ಮಕ್ಕಳಿಗೆ ಕಲಿಸುವುದನ್ನೇ ಬಿಡುಗಡೆಯ ಮೌಲ್ಯವಾಗಿಟ್ಟ ಸಂಗತಿಯನ್ನು ಸೀರಾ ಗ್ರಂಥಗಳು ವರದಿ ಮಾಡಿವೆ. ಯುದ್ಧಕ್ಕೆ ಬಂದವರಿಂದಲೂ ಅಕ್ಷರ ಕಲಿಯಬಹುದಾದರೆ, ನೆರೆಮನೆಯ ಕನ್ನಡ ಗುರುವಿನಿಂದ ಕಲಿಯಲು ನಮಗೇನು ಅಡ್ಡಿ?

ಈ ನೆಲದ ಚರಿತ್ರೆಯೂ ಇದನ್ನೇ ಹೇಳುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಿಕ್ಷಣ ಸೊರಗಿದ್ದ ಕಾಲದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಶಾಲೆ ತೆರೆದು ಅದಕ್ಕೆ 'ಹಮ್‌ದರ್ದ್' ಎಂದು ಹೆಸರಿಟ್ಟರು. ಕನ್ನಡದ ಕಾಳಜಿಗೆ ಅವರು ನಮ್ಮ ಮನೆಮಾತಿನ ಪದವನ್ನು ಆರಿಸಿಕೊಂಡರು. ಆ ಸೌಹಾರ್ದಕ್ಕೆ ನಮ್ಮ ಉತ್ತರ ಕನ್ನಡವನ್ನು ಕಪಾಟಿನಿಂದ ಹೊರಗಿಡುವುದೇ? ಮದ್ರಸದಿಂದ ಬಂದು ಕನ್ನಡದಲ್ಲಿ ಪದವಿ ಪಡೆದ ನನ್ನಂಥವರಿಗೆ ಎರಡೂ ಭಾಷೆಗಳು ಎರಡು ಕಣ್ಣುಗಳೆಂದು ಹೇಳಲು ಅಂಜಿಕೆಯಿಲ್ಲ.

ಮಗಳಿಗೆ ಇಷ್ಟು ಸಾಕು ಎನ್ನುವವರಿಗೆ

ಮಗನನ್ನು ಕಾನ್ವೆಂಟಿಗೆ ಕಳಿಸಿ, ಮಗಳಿಗೆ ಮಾತ್ರ 'ಮನೆಶಾಲೆ' ನಡೆಸುವವರಿದ್ದಾರೆ. ಅವಳ ಪಠ್ಯಕ್ರಮವೆಂದರೆ ಕಾಯಿದಾ, ಕಸೂತಿ, ಅಡುಗೆ. ಇದಕ್ಕೆ ದೀನಿನ ಹೆಸರು ಕೊಡಬೇಡಿ. ತನ್ನ ಮಗ ನುಅ್‌ಮಾನ್‌ಗೆ ಮಾತ್ರ ಕೊಡುಗೆ ಕೊಟ್ಟು ಸಾಕ್ಷಿಗಾಗಿ ಬಂದ ಬಶೀರ್(ರ)ರನ್ನು ಪ್ರವಾದಿ(ಸ)ಯವರು ಕೇಳಿದ್ದು, ನಿನ್ನ ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿರುವೆಯಾ ಎಂದು. ಇಲ್ಲವೆಂದಾಗ ಅವರು ಸಾಕ್ಷಿಯಾಗಲು ಒಪ್ಪಲಿಲ್ಲ. ಮಕ್ಕಳ ನಡುವೆ ನ್ಯಾಯ ಪಾಲಿಸಲು ಹೇಳಿದರು. ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದೆ. ಆಸ್ತಿಯ ಕೊಡುಗೆಯಲ್ಲೇ ಈ ನಿಯಮವಾದರೆ, ವಿದ್ಯೆಯೆಂಬ ಕೊಡುಗೆಯಲ್ಲಿ ಮಗನಿಗೊಂದು, ಮಗಳಿಗೊಂದು ಅಳತೆ ಹೇಗೆ ಸಲ್ಲುತ್ತದೆ? ನಾಳೆ ಮನೆಯಲ್ಲಿ ಕಲಿಸಬೇಕಾದವಳು ಆ ಮಗಳೇ ಅಲ್ಲವೇ?

2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ರಾಜ್ಯದ್ದು ಶೇ. 75.36. ಇಂಥ ಜಿಲ್ಲೆಯಲ್ಲಿ 'ಮನೆಯಲ್ಲಿ ಕಲಿಯುತ್ತಿದ್ದಾಳೆ' ಎಂಬ ಮಾತು ಅನಕ್ಷರತೆಯ ಮೇಲೆ ಹೊದಿಸಿದ ಚಾದರವಾಗಬಾರದು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಹೊಲದಲ್ಲಿರುವ ಮಗು ಮನೆಶಾಲೆಯ ವಿದ್ಯಾರ್ಥಿಯಲ್ಲ. ಶಾಲೆಯ ಬಗ್ಗೆ ಅಸಮಾಧಾನವಿರಬಹುದು. ಆದರೆ ಕಲಿಸಲು ಸಮಯ, ಅಕ್ಷರ, ಸಹನೆ ಮೂರೂ ಇಲ್ಲದ ಮನೆಗೆ ನನ್ನ ಸಲಹೆ ಒಂದೇ: ಹತ್ತಿರದ ಸರ್ಕಾರಿ ಶಾಲೆಗೆ ಕಳಿಸಿ, ಸಂಜೆ ಮಕ್ತಬಿಗೆ ಕಳಿಸಿ.

ಬಾಗಿಲು ತೆರೆದಿರಲಿ

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಹಕ್ಕನ್ನು ಹೇಳುತ್ತದೆ. ಮನೆಶಿಕ್ಷಣದ ಬಗ್ಗೆ ಏನನ್ನೂ ಹೇಳುವುದಿಲ್ಲ. 2012ರ ತಿದ್ದುಪಡಿಯಲ್ಲಿ ಮದ್ರಸ ಮತ್ತು ವೇದ ಪಾಠಶಾಲೆಗಳನ್ನು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಡಲಾಯಿತು. ಆ ವಿನಾಯಿತಿ ಸಂಸ್ಥೆಗಳಿಗೆ. ನಿಮ್ಮ ಪಡಸಾಲೆಗೆ ಅಲ್ಲ. ಶಾಲೆಗೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ನೀಡಬೇಕೆಂದು ಅದೇ ಕಾಯ್ದೆಯ ನಾಲ್ಕನೆಯ ಕಲಂ ಹೇಳುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ 3, 5 ಮತ್ತು 8ನೆಯ ತರಗತಿಗಳಿಗೆ ಸಮಾನವಾದ ಹಂತಗಳಿವೆ. 14 ತುಂಬಿದವರು ಮಾಧ್ಯಮಿಕ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಈ ದಾರಿಗಳನ್ನು ಮೊದಲ ದಿನವೇ ತಿಳಿದಿಟ್ಟುಕೊಳ್ಳಿ. ದಾಖಲೆಯಿಲ್ಲದ ಕಲಿಕೆ ಎಷ್ಟೇ ಆಳವಾಗಿದ್ದರೂ, ಹದಿನೆಂಟನೆಯ ವಯಸ್ಸಿನಲ್ಲಿ ಕಾಲೇಜಿನ ಬಾಗಿಲಿನಲ್ಲಿ ಮಗು ಬರಿಗೈಯಲ್ಲಿ ನಿಲ್ಲುತ್ತದೆ. ಆಗ ತಂದೆ ತಾಯಿಯರ ಸದುದ್ದೇಶ ಪ್ರಮಾಣಪತ್ರವಾಗುವುದಿಲ್ಲ.

ಸಹೋದರ ಸಹೋದರಿಯರೇ, ಮೊದಲ ವಹೀ ಓದುವ ಆದೇಶದಿಂದ ಆರಂಭವಾಯಿತು. ಪುಸ್ತಕ ಸಂಗ್ರಹಿಸುವ ಆದೇಶದಿಂದಲ್ಲ. ಇಂದೇ ಕಪಾಟನ್ನು ತೆರೆಯಿರಿ. ಪ್ರತಿ ವಿಷಯಕ್ಕೆ ಒಂದು ಪುಸ್ತಕ ಉಳಿಸಿಕೊಂಡು ಮಿಕ್ಕವನ್ನು ಬೇಕಾದವರಿಗೆ, ಮಸೀದಿಯ ಗ್ರಂಥಾಲಯಕ್ಕೆ ಕೊಟ್ಟುಬಿಡಿ. ಒಂದು ತಿಂಗಳ ನಂತರ ಪ್ರತಿ ಮಗುವನ್ನೂ ಎದುರಿಗೆ ಕೂರಿಸಿ ನೋಡಿ: ಕಳೆದ ತಿಂಗಳು ಓದಲಾಗದ ಒಂದು ಪುಟವನ್ನು ಈಗ ಓದುತ್ತದೆಯೇ? ಮಾಡಲಾಗದ ಒಂದು ಲೆಕ್ಕವನ್ನು ಈಗ ಮಾಡುತ್ತದೆಯೇ? ಒಂದು ಸೂರಃವನ್ನು ಅರ್ಥಸಹಿತ ಹೇಳುತ್ತದೆಯೇ? ಹೌದೆಂದಾದರೆ ನಿಮ್ಮ ಮನೆ ಶಾಲೆಯಾಗಿದೆ. ಇಲ್ಲವೆಂದಾದರೆ ಶಾಲೆಯ ಬಾಗಿಲು ತಟ್ಟಲು ನಾಚಿಕೆಪಡಬೇಡಿ. ಮಕ್ಕಳು ಅಲ್ಲಾಹನ ಅಮಾನತ್, ನಮ್ಮ ಹಟದ ಸೊತ್ತಲ್ಲ.

ನಮ್ಮ ಮಕ್ಕಳ ಜ್ಞಾನವನ್ನು ಅಲ್ಲಾಹನು ಹೆಚ್ಚಿಸಲಿ, ಕಲಿಸುವ ತಾಯಂದಿರಿಗೆ ಸಹನೆಯನ್ನೂ ತಂದೆಯರಿಗೆ ಹೊಣೆಯರಿವನ್ನೂ ಕರುಣಿಸಲಿ. ಆಮೀನ್.